ಎಡಗಡೆ ಸೀಟಿನ ಭಾರ

ಜುಲೈ 13, ಭಾನುವಾರ

ವರ್ಷಾವಾಸ ಶುರುವಾಯಿತು. ಇನ್ನು ಮೂರು ತಿಂಗಳು ಭಿಕ್ಷುಗಳು ವಿಹಾರ ಬಿಟ್ಟು ಕದಲುವುದಿಲ್ಲ. ನಮ್ಮತ್ತೆಯೂ ನಮ್ಮ ಮನೆ ಬಿಟ್ಟು ಕದಲುವ ಲಕ್ಷಣ ಕಾಣುತ್ತಿಲ್ಲ. ಎಲ್ಲರೂ ಏನಾದರೊಂದನ್ನು ಬಿಡುವ ಕಾಲ ಇದು. ನಾನು ಬಿಯರ್ ಬಿಟ್ಟಿದ್ದೇನೆ. ಬಿಯರ್ ಬಿಟ್ಟವನ ಕೈಗೆ ಸಂಜೆ ಏನಾದರೂ ಕೆಲಸ ಬೇಕಲ್ಲ, ಅದಕ್ಕೇ ಈ ಬರವಣಿಗೆ.

ಅತ್ತೆ ಚಲೂಯ್ ಇಷ್ಟು ದಿನ ಕೋರಾಟ್‌ನಲ್ಲಿ ಮಗ ಮಾನೋಪನ ಮನೆಯಲ್ಲಿದ್ದರು. ಅಲ್ಲಿ ಸೊಸೆಗೂ ಇವರಿಗೂ ಮೀನಿನ ಜಾಡಿಯ ವಿಷಯಕ್ಕೆ ಜಗಳ. ಹುಳಿ ಬರಿಸಿದ ಮೀನು ಅದು, ಮುಚ್ಚಳ ತೆಗೆದರೆ ಪಕ್ಕದ ಬೀದಿಯ ನಾಯಿಗಳೂ ಎದ್ದು ಕೂರುತ್ತವೆ. "ಈ ಮನೇಲಿ ಜಾಡಿ ಇರ್ಬೇಕು, ಇಲ್ಲ ನಾನಿರ್ಬೇಕು" ಅಂದಳಂತೆ ಸೊಸೆ. ಅತ್ತೆ ಜಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದವರು ಸೀದಾ ನಮ್ಮೂರು ಸಿರಾಚಾದಲ್ಲಿ ಬಂದಿಳಿದರು. ಮಂಡಿ ನೋವು, ಮಹಡಿ ಹತ್ತಲಾರರು. ಹಾಗಾಗಿ ನನ್ನ ಕನ್ನಡಕದ ಅಂಗಡಿಯ ಕಣ್ಣು ಪರೀಕ್ಷೆ ಕೋಣೆಯಲ್ಲೇ ಹಾಸಿಗೆ. ನಿನ್ನೆ ಬಂದ ಗಿರಾಕಿ ಅಕ್ಷರದ ಹಲಗೆ ನೋಡಲು ಒಂದು ಕಣ್ಣು ಮುಚ್ಚುವ ಬದಲು ಮೂಗು ಮುಚ್ಚಿಕೊಂಡ.

ಊಟಕ್ಕೆ ಕೂತಾಗ ಹೆಂಡತಿ ಸುಪಾನಿ ಮೆಲ್ಲಗೆ ಶುರು ಹಚ್ಚಿದಳು.

"ರೀ, ಕಾರು ನಿಲ್ಲಿಸೋ ಜಾಗಕ್ಕೆ ಒಂದು ಗೋಡೆ ಎಬ್ಬಿಸಿದ್ರೆ ಅಮ್ಮನಿಗೆ ಒಳ್ಳೇ ರೂಮಾಗುತ್ತೆ."

"ಮತ್ತೆ ಕಾರು?"

"ಬೀದೀಲಿ ನಿಲ್ಸಿ. ಇಲ್ಲ ಮಾರಿ."

ಬೀದಿಯಲ್ಲಿ! ಈ ಊರಿನ ಬಿಸಿಲಿಗೆ ಇಟ್ಟರೆ ಒಂದೇ ವರ್ಷದಲ್ಲಿ ಟೈರು ಸೀಳು ಬಿಡುತ್ತದೆ. ಅದು ಕೊಲೆಗೆ ಸಮ ಅಂತ ಹೇಳಿದೆ. ಎರಡೇ ಸೀಟಿನ ಪುಟ್ಟ ಬಿಳಿ ಕಾರು ನನ್ನದು, ರೇಸ್ ಟ್ರ್ಯಾಕಿಗೆಂದೇ ಇಟ್ಟುಕೊಂಡಿದ್ದೇನೆ. ಮದುವೆಯಾದ ಮೇಲೆ ನನಗೆ ಅಂತ ಉಳಿದಿರುವುದು ಅದೊಂದೇ. ಇದನ್ನೂ ಹೇಳಿಬಿಟ್ಟೆ, ಹೇಳಬಾರದಿತ್ತು.

ಸುಪಾನಿ ಚಮಚ ಕೆಳಗಿಟ್ಟಳು. "ವರ್ಷಾನುಗಟ್ಟಲೆಯಿಂದ ನೋಡ್ತಿದ್ದೀನಿ, ಪ್ರತಿ ಸಲ ಹೋಗ್ತೀರಿ, ಪ್ರತಿ ಸಲ ಬಾಲದ ತುದೀಲಿ ಬರ್ತೀರಿ. ಸರಿ, ವರ್ಷಾವಾಸ ಮುಗಿಯೋ ಮುಂಚೆ ನಿಮ್ಮ ಕ್ಲಬ್ಬಿನ ಸ್ಪರ್ಧೆ ಇದೆ ಅಲ್ವಾ? ಅದರಲ್ಲಿ ಮೊದಲ ಮೂರರೊಳಗೆ ಬನ್ನಿ. ಬಂದ್ರೆ ಗ್ಯಾರೇಜು ನಿಮ್ದು, ಅಮ್ಮನ್ನ ವಾಪಸ್ ಮಾನೋಪನ ಹತ್ರ ಕಳಿಸ್ತೀನಿ. ಬರ್ಲಿಲ್ವೋ, ರೂಮು ಅಮ್ಮಂದು. ಆಮೇಲೆ ತಕರಾರು ಎತ್ತಬಾರ್ದು."

ಒಪ್ಪಿದೆ. ಚಾಲಕನಲ್ಲಿ ದೋಷವಿಲ್ಲ, ಚಕ್ರದಲ್ಲಿದೆ. ಚಕ್ರ ಬದಲಿಸಿದರೆ ಆಯಿತು. ಮುದುಕಿ ಕೋರಾಟಿಗೆ, ಕಾರು ನೆರಳಿಗೆ.

ಜುಲೈ 20, ಭಾನುವಾರ

ಉದೊಮ್‌ನ ಟೈರಂಗಡಿಗೆ ಹೋಗಿದ್ದೆ. ಉದೊಮ್ ಮಾತಾಡಲು ನಿಂತರೆ ಸಚಿವರು ಶಂಕುಸ್ಥಾಪನೆ ಮಾಡಿದ ಹಾಗೆ, ಕೆಲಸ ಆಮೇಲೆ. ಹದಿನೇಳು ಇಂಚಿನ ಅಗಲ ಚಕ್ರ ತೋರಿಸಿದೆ, ಕಪ್ಪು ಬಣ್ಣ, ಕನ್ನಡಿಯಂಥ ಅಂಚು.

"ಅಣ್ಣಾ, ಇದರ ಆಫ್‌ಸೆಟ್ ಕಮ್ಮಿ. ಅಂದ್ರೆ ಚಕ್ರ ಹೊರಗಡೆ ಚಾಚ್ಕೊಳ್ಳುತ್ತೆ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಒಂದು ಬೆರಳೂ ಹೋಗಲ್ಲ."

"ಅದೇ ಬೇಕಾಗಿರೋದು."

"ಚೆಂದ ಕಾಣುತ್ತೆ, ಬಿಡಿ. ಆದ್ರೆ ಭಾರ ಜಾಸ್ತಿ."

"ಉದೊಮ್, ನಾನು ಕನ್ನಡಕದವನು. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆದ್ರೂ ನನ್ನ ಕಣ್ಣಿಗೆ ಗೊತ್ತಾಗುತ್ತೆ. ಹಾಕು ನೀನು."

ಹಾಕಿದ. ಅಬ್ಬಾ! ಸಂಜೆಯೆಲ್ಲ ರಸ್ತೆಯ ಆಚೆ ಬದಿಯಲ್ಲಿ ನಿಂತು ನನ್ನ ಕಾರನ್ನು ನಾನೇ ನೋಡಿದೆ. ಟೈರಿನ ಹೊರಮೈ ಮಡ್‌ಗಾರ್ಡಿನ ಅಂಚಿಗೆ ಗೆರೆ ಕೊರೆದ ಹಾಗೆ ಕೂತಿದೆ. ಅತ್ತೆಯೂ ಬಾಗಿಲಿಗೆ ಬಂದು ನೋಡಿದರು.

"ಬುಟ್ಟೀಲಿ ಕೂತ ಕೋಳಿ ಕಾಲು ಹೊರಗೆ ಹಾಕಿದಂಗಿದೆ ಮಗಾ."

ತಿರುಗಿ ಬೈಯದೆ ಬಟ್ಟೆ ತಂದು ಚಕ್ರ ಒರೆಸಿದೆ. ಸಂಸ್ಕಾರ ಇರುವವನು.

ಜುಲೈ 27, ಭಾನುವಾರ

ಅತ್ತೆಯನ್ನು ವಿಹಾರಕ್ಕೆ ಬಿಟ್ಟು ಬನ್ನಿ ಅಂತ ಸುಪಾನಿಯ ಅಪ್ಪಣೆ. ಅವಳ ಸ್ಕೂಟರ್ ಮೇಲೆ ಅತ್ತೆಯ ದೇಹ ಕೂರುವುದಿಲ್ಲ. ಕಾರಿಗೆ ಹತ್ತಿಸುವುದೇನು ಸುಲಭವೇ? ಸೀಟು ನೆಲಕ್ಕೆ ಅಂಟಿದಂತಿದೆ. ಮೊದಲು ಹಿಂಭಾಗ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಕೊನೆಗೆ ಛತ್ರಿ. ಕೂತ ತಕ್ಷಣ ಡ್ಯಾಶ್‌ಬೋರ್ಡಿಗೆ ಕೈಮುಗಿದು ಗಾಡಿತಾಯಿಯನ್ನು ಮಾತಾಡಿಸಿದರು. ಪ್ರತಿ ಗಾಡಿಯ ಮುಂಭಾಗದಲ್ಲೂ ಒಬ್ಬ ತಾಯಿ ಇರುತ್ತಾಳೆ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ, ಆದರೆ ಇವರು ಅವಳ ಜೊತೆ ಪಕ್ಕದ ಮನೆಯವಳ ಹಾಗೆ ಹರಟುತ್ತಾರೆ. "ಏನಮ್ಮಾ, ದೊಡ್ಡ ಬೂಟು ಹಾಕಿಬಿಟ್ಟಿದಾನಾ? ಕಾಲು ಕಚ್ಚುತ್ತಾ?"

ಮಾರುಕಟ್ಟೆ ತಿರುವಿನಲ್ಲಿ ಎಡಹಿಂಬದಿಯಿಂದ ಗರ್‌ರ್ ಅಂತ ಸದ್ದು.

"ನೋಡ್ದಾ, ಅಳ್ತಿದಾಳೆ," ಅಂದರು ಅತ್ತೆ.

ಇಳಿದು ನೋಡಿದರೆ ಟೈರು ಮಡ್‌ಗಾರ್ಡಿನ ಒಳಅಂಚಿಗೆ ಉಜ್ಜುತ್ತಿದೆ. ಹೊಸ ಟೈರಿನ ಭುಜ ಕೆತ್ತಿಹೋಗಿದೆ. ವಾಪಸ್ ಬರುವಾಗ ಅವರಿರಲಿಲ್ಲ, ಸದ್ದೂ ಇರಲಿಲ್ಲ. ಒಟ್ಟಿನಲ್ಲಿ ಸಮಸ್ಯೆ ಚಕ್ರದ್ದಲ್ಲ, ಅತ್ತೆಯದು.

ಜುಲೈ 29, ಮಂಗಳವಾರ

ಯೋಚಿಸಿದೆ. ಟ್ರ್ಯಾಕಿನ ತಿರುವಿನಲ್ಲಿ ಕಾರಿನ ಭಾರವೆಲ್ಲ ಹೊರಗಡೆ ಚಕ್ರದ ಮೇಲೆ ಬಂದು ಕೂರುತ್ತದೆ. ಅಂದರೆ ತಿರುವಿನಲ್ಲಿ ಪ್ರತಿ ಸಲವೂ ಒಬ್ಬ ಅತ್ತೆ ಕೂತಂತೆಯೇ. ಟ್ರ್ಯಾಕಿಗೆ ಹೋಗದೆ ಇದನ್ನೆಲ್ಲ ಪರೀಕ್ಷೆ ಮಾಡಬೇಕಾದರೆ ಎಡಗಡೆ ಸೀಟಿನಲ್ಲಿ ಭಾರ ಬೇಕು. ಸುಪಾನಿಯನ್ನು ಕೇಳಿದೆ. "ನನಗೆ ಬೇರೆ ಕೆಲಸ ಇಲ್ವಾ?" ಅಂದಳು. ಅವಳ ಭಾರವೂ ಸಾಲದು.

ವಿಧಿಯಿಲ್ಲದೆ ಅತ್ತೆಯನ್ನು ಕೇಳಿದೆ. "ಕೋಳಿ ಫ್ರೈ, ಅಂಟನ್ನ ಕೊಡ್ಸಿದ್ರೆ ಎಲ್ಲಿಗೆ ಬೇಕಾದ್ರೂ ಬರ್ತೀನಿ," ಅಂದರು. ಜುಜುಬಿ ಕೂಲಿ. ಒಪ್ಪಂದ ಆಯಿತು.

ಹೊರಡುವ ಮೊದಲು ಅವರು ಸುಣ್ಣದಂಥ ಬಿಳಿ ಪುಡಿ ಕಲಸಿಕೊಂಡು ಬಂದು ಮಡ್‌ಗಾರ್ಡಿನ ಒಳಗೆ, ಟೈರಿನ ಮೇಲೆ, ಸಿಕ್ಕಲ್ಲೆಲ್ಲ ಬೊಟ್ಟಿಟ್ಟರು. ಶುಭವಂತೆ. ಮಾರುಕಟ್ಟೆ ಸುತ್ತಿ ಬಂದ ಮೇಲೆ ನೋಡಿದೆ, ಉಜ್ಜಿದ ಕಡೆ ಮಾತ್ರ ಬೊಟ್ಟು ಅಳಿಸಿಹೋಗಿತ್ತು. ಎಲ್ಲೆಲ್ಲಿ ತಾಗುತ್ತದೆ ಅಂತ ಕಂಡುಹಿಡಿಯುವ ಈ ವಿಧಾನ ನನಗೆ ಹೊಳೆಯಿತು. ನಾಳೆ ಉದೊಮ್‌ಗೂ ಹೇಳಿಕೊಡುತ್ತೇನೆ.

ಆಗಸ್ಟ್ 3, ಭಾನುವಾರ

ಮಡ್‌ಗಾರ್ಡಿನ ಅಂಚನ್ನು ಒಳಗೆ ಮಡಿಸಿ ತಟ್ಟಿಸಿಕೊಂಡು ಟ್ರ್ಯಾಕಿಗೆ ಹೋದೆ. ಆದ ಅವಮಾನ ಬರೆಯಲು ಮನಸ್ಸಿಲ್ಲ.

ಬರೆಯುತ್ತೇನೆ. ಕೊನೆಯಿಂದ ಎರಡನೆಯವನು. ಕೊನೆಯವನ ಕಾರು ಮೊದಲ ಸುತ್ತಿನಲ್ಲೇ ಕೆಟ್ಟು ನಿಂತಿತ್ತು. ಹೊಸ ಚಕ್ರ ಎಷ್ಟು ಭಾರವೆಂದರೆ ಕಾರು ಮುಂದಕ್ಕೆ ಜಿಗಿಯುವುದೇ ಇಲ್ಲ, ಎಮ್ಮೆ ಕೆಸರಿನಿಂದ ಎದ್ದ ಹಾಗೆ ಏಳುತ್ತದೆ. ಮೀನಿನ ಸಾರಿನ ವ್ಯಾಪಾರಿ ಪಿಚೇತ್ ಇದ್ದಾನಲ್ಲ, ಸ್ಕೂಲಿನಿಂದ ನನ್ನ ಬೆನ್ನಿಗೆ ಬಿದ್ದಿರುವವನು, ಬಾನೆಟ್ಟಿನ ಮೇಲೆ ಕೈಯೂರಿ ನಿಂತು, "ಏನೋ ವಿರೋಟ್, ಮೂಗಿಗಿಂತ ಮೂಗುತಿ ಭಾರ ಆಯ್ತಾ?" ಅಂದ. ಎಲ್ಲರೂ ನಕ್ಕರು.

ಮನೆಗೆ ಬಂದು ಟೈರು ಸರಿಯಿಲ್ಲ, ರಸ್ತೆ ಸರಿಯಿಲ್ಲ, ಗಾಳಿ ಸರಿಯಿಲ್ಲ ಅಂತ ಹೇಳುತ್ತಿದ್ದೆ. ಅತ್ತೆ ಪಪ್ಪಾಯ ತುರಿಯುತ್ತಾ, "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಅಂದರು. ನಾನು ಎದ್ದು ಹೋದೆ. ಆಮೇಲೆ ಪಪ್ಪಾಯ ತಿನ್ನಲು ವಾಪಸ್ ಬಂದೆ.

ಆಗಸ್ಟ್ 12, ಮಂಗಳವಾರ

ತಾಯಂದಿರ ದಿನ. ಅಂಗಡಿಗೆ ರಜೆ. ಸುಪಾನಿ ಅಮ್ಮನಿಗೆ ಮಲ್ಲಿಗೆ ಕೊಟ್ಟು ಕಾಲಿಗೆ ಬಿದ್ದಳು. ನನ್ನ ತಾಯಿ ಹೋಗಿ ಬಹಳ ವರ್ಷವಾಯಿತು. ನಾನು ಕಾರಿಗೆಂದು ಒಂದು ಮಲ್ಲಿಗೆ ಹಾರ ತಂದಿದ್ದೆ, ಅದನ್ನು ನೋಡಿ ಅತ್ತೆ, "ನಂಗಾ?" ಅಂದರು. ಅಲ್ಲ, ಗಾಡಿತಾಯಿಗೆ ಅಂತ ಹೇಗೆ ಹೇಳುವುದು? ಕೊಟ್ಟುಬಿಟ್ಟೆ. ದಿನವಿಡೀ ಮಣಿಕಟ್ಟಿಗೆ ಸುತ್ತಿಕೊಂಡು ಓಡಾಡಿದರು. ಬಂದ ಗಿರಾಕಿ ಹೋದ ಗಿರಾಕಿಗೆಲ್ಲ ತೋರಿಸಿದರಂತೆ. ರಜೆಯ ದಿನ ಗಿರಾಕಿಗಳು ಎಲ್ಲಿಂದ ಬಂದರೋ ನಾಕಾಣೆ.

ಆಗಸ್ಟ್ 17, ಭಾನುವಾರ

ಉದೊಮ್‌ಗೆ ಜ್ಞಾನೋದಯವಾಗಿದೆ. "ಅಣ್ಣಾ, ನಿಮ್ಮ ಕಾರು ಚಿಕ್ಕದು, ಎಂಜಿನ್ ಚಿಕ್ಕದು. ಹದಿನೈದು ಇಂಚು ಹಾಕಿ. ಹಗುರ. ಆಫ್‌ಸೆಟ್ ಜಾಸ್ತಿ, ಚಕ್ರ ಒಳಗೇ ಕೂರುತ್ತೆ. ಚಕ್ರದಲ್ಲಿ ಉಳಿದ ದುಡ್ಡಲ್ಲಿ ಒಳ್ಳೇ ಟೈರು ಹಾಕ್ಕೊಳ್ಳಿ." ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ನೀವು ಕನ್ನಡಕದವರು ಅಂದ್ರಲ್ಲಾ," ಅಂತಾನೆ.

ಸಿಕ್ಕಿದ್ದು ಒಂದೇ ಸೆಟ್ಟು, ಯಾರೋ ಓಡಿಸಿ ಬಿಟ್ಟದ್ದು. ತಾಮ್ರದ ಬಣ್ಣ. ತಕ್ಷಣ ಹಾಕುವಷ್ಟು ಹೊತ್ತಿರಲಿಲ್ಲ, ಟೈರು ಏರಿಸಿ ಬ್ಯಾಲೆನ್ಸ್ ಮಾಡಿಸಿ ಮನೆಗೆ ತಂದು ಅತ್ತೆಯ ಹಾಸಿಗೆಯ ಪಕ್ಕ ಪೇರಿಸಿಟ್ಟೆ. ಬೇರೆಲ್ಲಿ ಜಾಗವಿದೆ?

"ಗುಲಾಬಿ!" ಅಂತ ಕಿರುಚಿದರು ಅತ್ತೆ.

"ತಾಮ್ರ ಅಮ್ಮಾ."

"ಗುಲಾಬಿ. ನೀನು ಬುಧವಾರ ಹುಟ್ಟಿದವನು, ನಿಂಗೆ ಗುಲಾಬಿ ಆಗ್ಬರಲ್ಲ. ಹಸಿರು ಒಳ್ಳೇದು."

"ತಾಮ್ರಾ!"

"ನಾನು ನನ್ನ ಕಣ್ಣಲ್ಲಿ ನೋಡ್ತಿದ್ದೀನಿ."

"ನಿಮ್ಮ ಕಣ್ಣಿಗೆ ಕನ್ನಡಕ ಮಾಡ್ಕೊಟ್ಟಿದ್ದೇ ನಾನು!"

ಸಂಜೆ ಮಾರುಕಟ್ಟೆಗೆ ಹೋಗಿ ಸ್ಟಿಕರ್ ತಂದಿದ್ದಾರೆ. ಆಗಿಬರದ ಬಣ್ಣದ ದೋಷ ಕಳೆಯಲು ಕೆಂಪು ಕಾರಿನ ಮೇಲೆ 'ಈ ಕಾರು ನೀಲಿ' ಅಂತ ಅಂಟಿಸಿಕೊಂಡು ಊರೆಲ್ಲ ಓಡಾಡುವುದಿಲ್ಲವೇ, ಅಂಥದ್ದೇ. ನನ್ನ ಬಿಳಿ ಕಾರಿನ ಹಿಂದೆ ಈಗ ದೊಡ್ಡ ಅಕ್ಷರದಲ್ಲಿ 'ಈ ಚಕ್ರ ಹಸಿರು' ಅಂತ ಇದೆ. ಪಿಚೇತ್ ನೋಡಿದರೆ ನಾನು ಊರು ಬಿಡಬೇಕು. ಕೀಳಲು ಹೋದೆ, ಅರ್ಧ ಏಳುತ್ತೆ, ಅರ್ಧ ಏಳಲ್ಲ. ಬಿಟ್ಟೆ.

ಆಗಸ್ಟ್ 24, ಭಾನುವಾರ

ಹೊಸ ಚಕ್ರ ಹಾಕಿ ಹೆದ್ದಾರಿಗೆ ಹೋದೆವು. ಕಾರು ಹಗುರಾಗಿದೆ, ಚಿಗರೆ! ಆದರೆ ವೇಗ ಏರುತ್ತಿದ್ದ ಹಾಗೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ಅತ್ತೆಯ ಕೈಯಲ್ಲಿದ್ದ ಅಂಟನ್ನದ ಉಂಡೆ ಬಾಯಿಗೆ ಹೋಗುವ ಬದಲು ಕಿವಿಗೆ ಹೋಯಿತು.

ಆಗಸ್ಟ್ 26, ಮಂಗಳವಾರ

ಬೇರಿಂಗ್ ನೋಡಿಸಿದೆ. ಸರಿ ಇದೆ. ಆದರೂ ನಡುಕ.

ಆಗಸ್ಟ್ 28, ಗುರುವಾರ

ಬ್ರೇಕ್ ಡಿಸ್ಕ್, ಸ್ಟೀರಿಂಗ್ ಜಾಯಿಂಟು, ಎಲ್ಲ ಬಿಚ್ಚಿಸಿದೆ. ಸರಿ ಇದೆ. ನಡುಕವೂ ಇದೆ. ನಿದ್ದೆ ಇಲ್ಲ. ಗ್ಯಾರೇಜು ಕೈಬಿಟ್ಟ ಹಾಗೇ.

ಆಗಸ್ಟ್ 31, ಭಾನುವಾರ

ಉದೊಮ್ ಚಕ್ರ ಬಿಚ್ಚಿ ಒಳಗೆ ಇಣುಕಿದವನು ಚಪ್ಪಲಿ ಬಿಟ್ಟು ಕೈಮುಗಿದ.

ಚಕ್ರದ ಒಳಮೈಯಲ್ಲಿ, ಬ್ಯಾಲೆನ್ಸಿಗೆಂದು ಅಂಟಿಸುವ ಸೀಸದ ತುಂಡುಗಳ ಪಕ್ಕದಲ್ಲಿ, ಮಂತ್ರ ಬರೆದು ಸುರುಳಿ ಸುತ್ತಿದ ಸೀಸದ ತಾಯತ. ನಾಲ್ಕೂ ಚಕ್ರದಲ್ಲಿ. ಟೇಪು ಹಚ್ಚಿ ಭದ್ರವಾಗಿ ಅಂಟಿಸಿದ್ದಾರೆ. ಯಾರು ಅಂತ ಕೇಳಬೇಕೇ? ಸೀಟಿನಲ್ಲೇ ಕೂತು ಕೋಳಿ ಕಾಲು ಚೀಪುತ್ತಿದ್ದರು.

"ಅಮ್ಮಾ! ಏನಿದು?"

"ನಿಂದರಲ್ಲಿ ಮೊದ್ಲೇ ಚಪ್ಪಟೆ ತಾಯತ ಅಂಟಿಸಿತ್ತಲ್ಲ ಮಗಾ. ಯಾವ ಗುರುಗಳು ಕೊಟ್ಟಿದ್ದೋ, ಚಿಕ್ಕದಾಗಿತ್ತು. ನಮ್ಮೂರಿಂದೂ ಒಂದೊಂದು ಇರ್ಲಿ ಅಂತ ಅಂಟಿಸ್ದೆ."

"ಅದು ತಾಯತ ಅಲ್ಲಮ್ಮಾ! ಬ್ಯಾಲೆನ್ಸ್ ಮಾಡೋ ತೂಕ ಅದು!"

"ಅಷ್ಟೊಂದು ಗಟ್ಟಿಯಾಗಿ ಅಂಟಿಸಿದ್ರೆ ನಂಗೇನು ಗೊತ್ತು?"

ಕಿತ್ತು ಹಾಕು ಅಂತ ಉದೊಮ್‌ಗೆ ಹೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಕೈಲಿ ಆಗಲ್ಲಣ್ಣಾ. ಇದನ್ನ ಕಿತ್ತು ನಾಳೆ ನನ್ನ ಜಾಕಿ ಜಾರಿದ್ರೆ?" ನಾನೇ ಕೀಳಲು ಹೋದೆ. ಕೈ ಮುಂದೆ ಹೋಗಲಿಲ್ಲ. ಭಯವಲ್ಲ, ಟೇಪು ಬಿಗಿಯಾಗಿತ್ತು. ಕೊನೆಗೆ ಉದೊಮ್ ತಾಯತ ಇದ್ದ ಹಾಗೇ ಬಿಟ್ಟು, ಎದುರು ಬದಿಗೆ ಹೊಸ ತೂಕ ಅಂಟಿಸಿ ಬ್ಯಾಲೆನ್ಸ್ ಮಾಡಿಕೊಟ್ಟ. ನಡುಕ ನಿಂತಿತು.

"ನೋಡ್ದಾ, ತಾಯತ ಕೆಲಸ ಮಾಡ್ತು," ಅಂದರು ಅತ್ತೆ. ಈ ಹೆಂಗಸಿನ ಜೊತೆ ವಾದ ಮಾಡಿ ಗೆದ್ದವರುಂಟೇ!

ಸೆಪ್ಟೆಂಬರ್ 7, ಭಾನುವಾರ

ಕೊನೆಯದಾಗಿ ಅಲೈನ್ಮೆಂಟ್. ಚಕ್ರ ಎಷ್ಟು ಒಳಗೆ ವಾಲಬೇಕು, ಎಷ್ಟು ನೇರ ನೋಡಬೇಕು ಅನ್ನುವ ಲೆಕ್ಕ. ಓಡಿಸುವಾಗ ಕಾರಲ್ಲಿ ಎಷ್ಟು ಭಾರ ಇರುತ್ತದೋ ಅಷ್ಟೇ ಭಾರ ಇಟ್ಟು ಮಾಡಬೇಕು ಅಂತ ಉದೊಮ್ ಭಾಷಣ ಮಾಡಿದ. ನಾನು ಸ್ಟೀರಿಂಗ್ ಹಿಂದೆ ಕೂತೆ. "ಅಮ್ಮಾ, ನೀವು ಇಳೀರಿ," ಅಂದ.

"ಯಾಕಿಳೀಬೇಕು? ಇಳಿಯೋಕೆ ಒಂದು ಗಂಟೆ, ಹತ್ತೋಕೆ ಒಂದು ಗಂಟೆ. ಮಂಡಿ ನಿಂದಾ ನಂದಾ? ಎಸಿ ಹಾಕಿದೆ, ಮಾವಿನಹಣ್ಣು ಅಂಟನ್ನ ಇನ್ನೂ ಮುಗಿದಿಲ್ಲ."

ಉದೊಮ್ ನನ್ನ ಮುಖ ನೋಡಿದ. ನಾನು ಮಾವಿನಹಣ್ಣಿನ ಮುಖ ನೋಡಿದೆ. ಹೋಗಲಿ ಬಿಡು ಅಂದೆ. ಅತ್ತೆ ಸಮೇತ ಅಲೈನ್ಮೆಂಟ್ ಆಯಿತು.

ಬರುವಾಗ ಸಮುದ್ರದ ಪಕ್ಕದ ದಾರಿಯಲ್ಲಿ ಬಂದೆವು. ಸುತ್ತು ದಾರಿ, ಆದರೆ ಟೈರು ಪಳಗಬೇಕಲ್ಲ. ಮಾವ ಎತ್ತಿನ ಗಾಡಿ ಓಡಿಸುತ್ತಿದ್ದ ಕಾಲದ ಕಥೆಯನ್ನು ಅತ್ತೆ ಹೇಳಿದರು. ತಿರುವು ಬಂದಾಗ ಎತ್ತುಗಳನ್ನು ಮೊದಲೇ ಹಿಡಿಯದಿದ್ದರೆ ಹೆಂಡತಿಯೂ ಭತ್ತವೂ ಗದ್ದೆಗೆ ಬೀಳುತ್ತಿದ್ದರಂತೆ. ಒಮ್ಮೆ ಬಿದ್ದೇ ಬಿಟ್ಟರಂತೆ. ಅವರು ಎದ್ದು ಬರುವ ಮೊದಲು ಮಾವ ಭತ್ತ ಎತ್ತಲು ಓಡಿದರಂತೆ. ಕಾರು ನಿಲ್ಲಿಸಿ ನಗಬೇಕಾಯಿತು.

ಸೆಪ್ಟೆಂಬರ್ 21, ಭಾನುವಾರ

ಟೈರು ಪಳಗಿಸಲು ಹೋಗಿದ್ದೆವು. ಬೆಟ್ಟದ ದಾರಿ. ಪ್ರತಿ ತಿರುವಿಗೂ ಅತ್ತೆ "ಮೆಲ್ಲಗೋ, ಮೆಲ್ಲಗೋ!" ಅಂತ ಕೂಗುತ್ತಾರೆ, ತಿರುವು ದಾಟಿದ ಮೇಲೆ "ಈಗ ಹೋಗು!" ಅಂತಾರೆ. ತಲೆ ಚಿಟ್ಟು ಹಿಡಿಯಿತು.

ಸೆಪ್ಟೆಂಬರ್ 28, ಭಾನುವಾರ

ಅತ್ತೆಗೆ ಜ್ವರ. ಎಲ್ಲಿಗೂ ಹೋಗಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ, ಮೋಡ ಇತ್ತು. ಗಂಜಿ ಮಾಡಿದೆ. ಉಪ್ಪು ಜಾಸ್ತಿಯಂತೆ. ಬೈಯುವಷ್ಟು ಶಕ್ತಿ ಇದೆ, ಪರವಾಗಿಲ್ಲ.

ಅಕ್ಟೋಬರ್ 5, ಭಾನುವಾರ

ಸ್ಪರ್ಧೆ. ಎಲ್ಲವನ್ನೂ ಬರೆಯಬೇಕು.

ಬೆಳಿಗ್ಗೆ ಅಭ್ಯಾಸದ ಸುತ್ತು. ಒಬ್ಬನೇ ಹೋದೆ. ಕಾರು ಬಲಕ್ಕೆ ಎಳೆಯುತ್ತದೆ! ಎಳೆದು ಎಳೆದು ಎರಡನೇ ತಿರುವಿನಲ್ಲಿ ಗಿರಗಿರ ಸುತ್ತಿ ಹುಲ್ಲಿಗೆ ಹೋಗಿ ನಿಂತೆ. ಎಂಟನೆಯವನು. ಪಿಚೇತ್ ಹಿಂಬದಿಯ ಸ್ಟಿಕರ್ ಓದಿ, "ಹಸಿರು ಚಕ್ರ ಅಂತ ಹುಲ್ಲು ಹುಡುಕ್ಕೊಂಡು ಹೋಯ್ತಾ?" ಅಂದ.

ಅಲೈನ್ಮೆಂಟ್ ಅತ್ತೆಯ ಭಾರಕ್ಕೆ ಕೂತಿದೆ ಅಂತ ಆಗ ಹೊಳೆಯಿತು. ಬಿಚ್ಚಿ ಸರಿಮಾಡಲು ಹೊತ್ತಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರು ಕೂರಬಹುದು, ಹೆಲ್ಮೆಟ್ ಇರಬೇಕು ಅಷ್ಟೇ ಅಂತ ನಿಯಮವಿದೆ. ಅತ್ತೆ ಚಾಪೆ ಹಾಸಿಕೊಂಡು ಸುಪಾನಿಯ ಜೊತೆ ಬೇಲಿಯಾಚೆ ಕೂತಿದ್ದರು. ಓಡಿದೆ.

"ಅಮ್ಮಾ, ಬನ್ನಿ. ಭಾರ ಬೇಕು."

"ಕೋಳಿ?"

"ಎರಡು ಪ್ಲೇಟು!"

ಹೆಲ್ಮೆಟ್ಟು ತಲೆಗೆ ಇಳಿಸುವುದರಲ್ಲಿ ಸಾಕುಸಾಕಾಯಿತು, ತುರುಬು ಬಿಚ್ಚಬೇಕಾಯಿತು. ಗಾಡಿತಾಯಿಗೆ ಅಂತ ಕನ್ನಡಿಗೆ ಕಟ್ಟಿದ್ದ ಹಾರ ತೆಗೆಯಿರಿ, ಹಾರುತ್ತೆ ಅಂತ ಸಂಘಟಕರು ಹೇಳಿದಾಗ ಅತ್ತೆ ಅದನ್ನು ತಮ್ಮ ಕೊರಳಿಗೇ ಹಾಕಿ ಬೆಲ್ಟು ಬಿಗಿದುಕೊಂಡರು. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಲೆಕ್ಕಕ್ಕೆ ಬರುವ ಸುತ್ತು ಇದು, ಎಲ್ಲರಿಗೂ ಅಗಲದ ನುಣ್ಣನೆ ಟೈರು. ನನ್ನದು ಹದಿನೈದಿಂಚಿನ ಸಾಧಾರಣ ಟೈರು, ನೀರು ಹೋಗಲು ಗೀರು ಇದೆ.

ಹೊರಟೆವು. "ಮೆಲ್ಲಗೋ!" ಮೊದಲ ತಿರುವು. ಪಿಚೇತ್ ಅಲ್ಲೇ ಜಾರಿ ಮರಳಿಗೆ ಹೋದ. "ಈಗ ಹೋಗು!" ಹೋದೆ. "ಮೆಲ್ಲಗೋ ಮಗಾ, ಭತ್ತ ಚೆಲ್ಲುತ್ತೆ!" ಇನ್ನಿಬ್ಬರು ಹುಲ್ಲಿಗೆ. "ಈಗ! ಈಗ!" ಕಾರು ಗೆರೆ ಎಳೆದ ಹಾಗೆ ನೇರ. ಅವರು ಕೂಗಿದಾಗ ಬ್ರೇಕು, ಕೂಗಿದಾಗ ಆಕ್ಸಿಲರೇಟರು. ನಾನು ಏನು ಮಾಡಿದೆನೋ ನನಗೇ ನೆನಪಿಲ್ಲ.

ಮೂರನೆಯವನು! ಮೂರನೆಯವನು ನಾನು!

ಇಳಿಸುವಾಗ ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡೆನಂತೆ, ಸುಪಾನಿ ಹೇಳುತ್ತಾಳೆ. ಮಂಡಿ ನೋವಿನವರನ್ನು ಎತ್ತಬೇಕಾದರೆ ಹಿಡಿದುಕೊಳ್ಳಲೇಬೇಕು.

ಗ್ಯಾರೇಜು ನನ್ನದು.

ಅಕ್ಟೋಬರ್ 7, ಮಂಗಳವಾರ

ವರ್ಷಾವಾಸ ಮುಗಿಯಿತು. ಸುಪಾನಿ ಮಾತಿಗೆ ತಪ್ಪುವವಳಲ್ಲ, ಮಾನೋಪನಿಗೆ ಫೋನು ಮಾಡಿದಳು. ಅತ್ತೆ ಬಟ್ಟೆ ಮಡಿಸುತ್ತಿದ್ದರು. ನಮ್ಮ ಪಂದ್ಯದ ವಿಷಯ ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತಂತೆ. ಪರೀಕ್ಷೆ ಕೋಣೆಗೂ ಊಟದ ಮನೆಗೂ ನಡುವೆ ಇರುವುದು ಪ್ಲೈವುಡ್ಡು.

"ಗೊತ್ತಿದ್ದೂ ಯಾಕೆ ಹತ್ತಿದ್ರಿ?" ಅಂದೆ.

"ನೀನು ಓಡ್ಬಂದು ಕರೆದ್ಯಲ್ಲ ಮಗಾ. ಕರೆದ್ರೆ ಬರಬಾರ್ದಾ?"

ಜಾಡಿಯ ಮುಚ್ಚಳಕ್ಕೆ ಬಟ್ಟೆ ಕಟ್ಟಿಕೊಟ್ಟೆ. ಬೇರೇನೂ ವಿಶೇಷವಿಲ್ಲ.

ಅಕ್ಟೋಬರ್ 8, ಬುಧವಾರ

ಬಸ್ಸು ಹತ್ತಿಸಿ ಬಂದೆ. ಬಿಯರ್ ತಂದೆ. ಸಪ್ಪೆ.

ಅಕ್ಟೋಬರ್ 12, ಭಾನುವಾರ

ಕಾರು ಬಲಕ್ಕೆ ಎಳೆಯುತ್ತದೆ. ಉದೊಮ್ ಬಳಿ ಹೋದೆ.

"ಸೀಟಲ್ಲಿ ಭಾರ ಇಲ್ವಲ್ಲಣ್ಣಾ. ಅರ್ಧ ಗಂಟೆ ಕೊಡಿ, ಒಬ್ಬರ ಭಾರಕ್ಕೆ ತಿರುಗಿಸಿ ಕೊಡ್ತೀನಿ."

ಸ್ಪ್ಯಾನರ್ ಕೈಗೆತ್ತಿಕೊಂಡೇಬಿಟ್ಟ. ಮೈಯೆಲ್ಲ ಉರಿದುಹೋಯಿತು. "ಮುಟ್ಟಬೇಡ! ಮೂರನೇ ಸ್ಥಾನ ತಂದ ಅಲೈನ್ಮೆಂಟ್ ಅದು!" ಅಂತ ಕೂಗಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೆದ್ದ ಸೆಟ್ಟಿಂಗನ್ನು ಯಾರಾದರೂ ಕೆಡಿಸುತ್ತಾರೆಯೇ? ಬುದ್ಧಿ ಬೇಡವೇ?

ಅಕ್ಟೋಬರ್ 14, ಮಂಗಳವಾರ

ಎಡಗಡೆ ಸೀಟಿಗೆ ಅಕ್ಕಿ ಮೂಟೆ ಇಟ್ಟು ಬೆಲ್ಟು ಕಟ್ಟಿ ಬೆಟ್ಟದ ದಾರಿಗೆ ಹೋದೆ. ಭಾರ ಸರಿಯಾಯಿತು. ಆದರೆ ಬ್ರೇಕು ಎಲ್ಲಿ ಹಿಡಿಯಬೇಕು ಅಂತ ತಿಳಿಯುವುದೇ ಇಲ್ಲ. ಅರ್ಧದಾರಿಯಿಂದ ವಾಪಸ್ ಬಂದೆ. ಕೋಳಿ ಅಂಗಡಿಯವಳು "ಎರಡು ಪ್ಲೇಟಾ?" ಅಂದಳು. ಅಭ್ಯಾಸ ಬಲ, ಹೂಂ ಅಂದುಬಿಟ್ಟೆ.

ಅಕ್ಟೋಬರ್ 16, ಗುರುವಾರ

ಗಿರಾಕಿಯೊಬ್ಬರು ಪರೀಕ್ಷೆ ಕೋಣೆಯಲ್ಲಿ ಈಗ ವಾಸನೆಯೇ ಇಲ್ಲವಲ್ಲ ಅಂದರು. ಅವರಿಗೆ ತಪ್ಪು ನಂಬರು ಬರೆದುಕೊಟ್ಟೆ, ಆಮೇಲೆ ಓಡಿಹೋಗಿ ಬದಲಿಸಿದೆ.

ಅಕ್ಟೋಬರ್ 19, ಭಾನುವಾರ

ಗಾರೆಯವನನ್ನು ಕರೆಸಿ ಗ್ಯಾರೇಜು ಅಳೆಸಿದೆ. ಒಂದು ಗೋಡೆ, ಒಂದು ಕಿಟಕಿ, ಜಾಡಿಗೆ ಹೊರಗೆ ಒಂದು ಕಟ್ಟೆ. ಸುಪಾನಿ ಬಾಗಿಲಲ್ಲಿ ನಿಂತು ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದಳು.

"ಏನು ನಗು?"

"ಏನಿಲ್ಲಪ್ಪ. ಗೆದ್ದೋರು ನೀವು."

"ಕಾರಿನ ಸಲುವಾಗಿ ಮಾಡ್ತಿರೋದು. ಮುಂದಿನ ವರ್ಷದ ಸ್ಪರ್ಧೆಗೆ ಭಾರ ಹತ್ತಿರದಲ್ಲೇ ಇರಬೇಕು."

"ಹೌದೌದು. ಕಾರಿನ ಸಲುವಾಗಿ," ಅಂದಳು. ಏನೇ ಹೇಳಿದರೂ ಒಪ್ಪಿಕೊಳ್ಳುವ ಹೆಂಗಸರ ಜೊತೆ ಹುಷಾರಾಗಿರಬೇಕು.

ಅಕ್ಟೋಬರ್ 26, ಭಾನುವಾರ

ಕೋರಾಟಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಸ್ಟೀರಿಂಗನ್ನು ಎಡಕ್ಕೆ ಗಟ್ಟಿಯಾಗಿ ಎಳೆದು ಹಿಡಿದು ತೋಳು ಸೋತುಹೋಯಿತು. ಮಾನೋಪನ ಮನೆಯಲ್ಲಿ ಜಾಡಿ ಕಾಂಪೌಂಡಿನ ಹೊರಗೆ ಹುಣಸೆ ಮರದ ಕೆಳಗಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ. ಒಂದು ಸುತ್ತು ಇಳಿದಿದ್ದಾರೆ ಅನ್ನಿಸಿತು. ಭಾರ ಕಡಿಮೆಯಾದರೆ ಅಲೈನ್ಮೆಂಟ್ ಕಥೆ ಏನು?

"ಏನು ಮಗಾ, ಇಷ್ಟು ದೂರ?"

"ಕಾರು ಬಲಕ್ಕೆ ಎಳೀತಿದೆ ಅಮ್ಮಾ."

"ಉದೊಮ್‌ಗೆ ತೋರಿಸೋದಲ್ವಾ?"

"ತೋರಿಸ್ದೆ. ಎಡಗಡೆ ಸೀಟು ಖಾಲಿ ಅಂದ."

ಅತ್ತೆ ನನ್ನನ್ನು ನೋಡಿದರು. ಆಮೇಲೆ ಕಾರನ್ನು ನೋಡಿದರು.

"ಗೋಡೆ ಎಬ್ಬಿಸಿದೀಯಂತೆ. ಸುಪಾನಿ ಹೇಳಿದ್ಳು. ನಾನು ಅಲ್ಲಿ ಮಲಗಿದ್ರೆ ಇದೆಲ್ಲಿ ಮಲಗುತ್ತೆ?"

"ಬೀದೀಲಿ."

"ಬಿಸಿಲಿಗೆ ಟೈರು ಸೀಳು ಬಿಡುತ್ತಲ್ಲೋ."

"ಬಿಡ್ಲಿ," ಅಂದೆ.

ಅತ್ತೆ ಕುರ್ಚಿಯಿಂದ ಎದ್ದರು. ತುರುಬು ಬಿಚ್ಚಿ ಗಟ್ಟಿಯಾಗಿ ಕಟ್ಟಿಕೊಂಡರು. ಮೊದಲು ಹಿಂಭಾಗ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು, ಛತ್ರಿ, ಮಡಿಲಿಗೆ ಜಾಡಿ. "ಬಂದೆ ಕಣಮ್ಮಾ," ಅಂತ ಗಾಡಿತಾಯಿಗೆ ಹೇಳಿದರು. ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಕಿಟಕಿ ಇಳಿಸಿದ ಮೇಲೂ ಸ್ವಲ್ಪ ದೂರ ಬರುತ್ತಲೇ ಇತ್ತು, ಅಷ್ಟು ಘಾಟು ಆ ಮೀನು.

ಕಬಿನ್‌ಬುರಿ ದಾಟಿದ ಮೇಲೆ ರಸ್ತೆ ನೇರ. ಪರೀಕ್ಷೆ ಮಾಡೋಣ ಅಂತ ಸ್ಟೀರಿಂಗಿನಿಂದ ಎರಡೂ ಕೈ ತೆಗೆದೆ. ಕಾರು ಅತ್ತ ಇತ್ತ ವಾಲದೆ ಸೀದಾ ಹೋಯಿತು.

"ಕೈ ಇಡೋ ಮೇಲೆ, ಮುಟ್ಠಾಳ!" ಅಂತ ಅತ್ತೆ ಕೂಗಿದರು.

ಕೈ ಇಟ್ಟೆ. ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ, ಅಲೈನ್ಮೆಂಟ್‌ನಲ್ಲಿ ಏನೂ ದೋಷವಿಲ್ಲ.